ಗಲ್ಲಿಯವರನ್ನು ಮಸೀದಿಗೆ ಕರೆಯುವುದು ಹೇಗೆ

ಕಲಬುರಗಿಯವರಿಗೆ ದರ್ಗಾ ಹೊಸದಲ್ಲ. ಬಂದೇನವಾಜರ ಉರುಸಿಗೆ ಒಂದು ಸಲವೂ ಹೋಗದ ಮನೆಯನ್ನು ಈ ಊರಲ್ಲಿ ಹುಡುಕಬೇಕು. ಮೊಹರಂ ಬಂತು ಅಂದರೆ ಹಳ್ಳಿಗಳಲ್ಲಿ ಅಲಾಯಿ ಕುಣಿಯುವವರು, ಪೀರ್ ಹಿಡಿಯುವವರು, ಹರಕೆ ಹೊತ್ತು ಸಕ್ಕರೆ ಓದಿಸುವವರು ಎಲ್ಲ ಜಾತಿಯವರೂ ಇರುತ್ತಾರೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಪೀರ್ ಕೂರಿಸುವುದುಂಟು. ಬೀದರಿನ ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಉರುಸಿಗೆ ಕಲಬುರಗಿ ಕಡೆಯ ಜಂಗಮರು ಬರುತ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನಿಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಇಷ್ಟೆಲ್ಲ ಇದೆ. ಆದರೆ ಅದೇ ಜನರನ್ನು, ನಿಮ್ಮ ಗಲ್ಲಿಯ ಮಸೀದಿ ಒಳಗೆ ಯಾವತ್ತಾದರೂ ಹೋಗಿದ್ದೀರಾ ಅಂತ ಕೇಳಿ ನೋಡಿ. ಇಲ್ಲ. ಗೋಡೆಗೆ ಗೋಡೆ ಹಚ್ಚಿ ನಲವತ್ತು ವರ್ಷ ಬದುಕಿರುತ್ತಾರೆ, ದಿನಕ್ಕೆ ಐದು ಸಲ ಅಜಾನ್ ಕೇಳಿರುತ್ತಾರೆ, ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ.

"ಬಂದ್ರ ಯಾರ್ ಬ್ಯಾಡ ಅಂತಿದ್ರು?" ಅಂತ ನಮ್ಮವರು ಹೇಳುತ್ತಾರೆ. ಕರೆಯದೆ ಯಾರು ಬರುತ್ತಾರೆ ಹೇಳಿ. ಎಳ್ಳಮಾವಾಸ್ಯೆಗೆ ಹೊಲದವರು ಮನೆ ಮನೆಗೆ ಬಂದು "ಭಜ್ಜಿ ಊಟಕ್ಕ ಬರ್ರಿ" ಅಂತ ಕರೆದಿದ್ದಕ್ಕೇ ನಾವು ಟಂಟಂ ಹತ್ತಿ ಹೊಲಕ್ಕೆ ಹೋಗಿದ್ದು. ಸುಮ್ನೆ ಯಾರದೋ ಹೊಲಕ್ಕೆ ನುಗ್ಗಿ ಅಂಬಲಿ ಕುಡಿದು ಬರಲಿಲ್ಲವಲ್ಲ.

ನಾನು ಮೌಲಾನಾ ಅಲ್ಲ. ನಮ್ಮ ಗಲ್ಲಿ ಮಸೀದಿಯ ಕಮಿಟಿಯಲ್ಲಿ ಚಂದಾ ಲೆಕ್ಕ ಬರೆಯುವವನು. ಮೂರು ಸಲ ಈ ಕೆಲಸ ಮಾಡಿದ್ದೇವೆ, ಮೊದಲನೇದು ಪೂರ್ತಿ ಕೆಟ್ಟಿತು, ಎರಡನೇದು ಅರ್ಧ, ಮೂರನೇದು ಒಂದು ಹದಕ್ಕೆ ಬಂತು. ಬೇರೆ ಮಸೀದಿಯವರು ಕೇಳುತ್ತಾ ಇರುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲ ಸಲ ಏನು ತಪ್ಪಾಯ್ತು ಅಂದರೆ, ನಾವು ಕಾರ್ಯಕ್ರಮ ಮಾಡಿದೆವು. ಗೇಟಿನ ಮುಂದೆ ಶಾಮಿಯಾನಾ, ಸ್ಟೇಜು, ಹನ್ನೆರಡು ಮುಖ ಇರುವ ಬ್ಯಾನರ್, ಶಾಲು, ಹಾರ. ಸೌಹಾರ್ದದ ಬಗ್ಗೆ ನಾಲ್ಕು ಭಾಷಣ. ಒಂದೂವರೆ ಗಂಟೆ ಆದ ಮೇಲೆ ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು. ಬಂದವರಾದರೂ ಯಾರು? ಊರಲ್ಲಿ ಯಾವ ಶಾಂತಿ ಸಭೆ ಆದರೂ ಮುಂದಿನ ಸಾಲಿನಲ್ಲಿ ಕೂರುವ ಅದೇ ಹತ್ತು ಹದಿನೈದು ಮಂದಿ. ಮಸೀದಿ ಎದುರಿಗೇ ಗಿರಣಿ ಇಟ್ಟಿರುವ ಅಣ್ಣ ಮಾತ್ರ ತನ್ನ ಕಟ್ಟೆ ಮೇಲೆ ನಿಂತು, ಕೈ ತುಂಬ ಹಿಟ್ಟು, ಎಲ್ಲ ನೋಡುತ್ತಾ ಇದ್ದರು. ಮರುದಿನ ಜೋಳ ಬೀಸಿಸಲು ಹೋದಾಗ ಕೇಳಿದೆ.

"ಯಾಕ್ರಿ ಅಣ್ಣ, ಬರ್ಲಿಲ್ಲಲ್ಲ?"

"ನನಗ ಯಾರ್ ಕರದ್ರಿ? ಬ್ಯಾನರ್ ನೋಡ್ದೆ. ದೊಡ್ಡೋರ ಕಾರ್ಯಕ್ರಮ ಅದ ಅಂತ ಸುಮ್ಮಾದೆ."

ಅವತ್ತು ನನಗೆ ತಿಳಿದದ್ದು ಇಷ್ಟು. ಕರೆಯಬೇಕಾದವರು ಅಜಾನ್ ಕೇಳುವಷ್ಟು ದೂರದ ಮನೆಯವರು. ಅಷ್ಟೇ. ಊರಿಗೆಲ್ಲ ಡಂಗುರ ಬೇಡ, ಪೇಪರಿನಲ್ಲಿ ಫೋಟೋ ಬೇಡ. ಗಿರಣಿಯವರು, ಎದುರಿನ ಕಿರಾಣಿಯವರು, ಹಿಂದಿನ ಮನೆ ಟೀಚರಮ್ಮ, ಮೂಲೆಯ ಕಟಿಂಗ್ ಅಂಗಡಿ, ದಿನಾ ಹಾಲು ಹಾಕುವ ಹುಡುಗ. ಇವರು ಬಂದರೆ ಬಂದ ಹಾಗೆ.

ಮೊದಲು ಮನೆಯೊಳಗಿನ ಮಾತು

ಹೊರಗಿನವರನ್ನು ಒಪ್ಪಿಸುವುದಕ್ಕಿಂತ ಕಷ್ಟ ನಮ್ಮ ಕಮಿಟಿಯನ್ನು ಒಪ್ಪಿಸುವುದು. ಇದನ್ನು ಮುಚ್ಚಿಟ್ಟು ಏನೂ ಪ್ರಯೋಜನ ಇಲ್ಲ. "ಪಾಕಿ ವಿಷಯ ಹ್ಯಾಂಗ?" ಅಂತ, ಅಂದರೆ ಶುದ್ಧಿಯ ಬಗ್ಗೆ, ಒಬ್ಬರು, "ಹೆಂಗಸರು ಬಂದ್ರ?" ಅಂತ ಒಬ್ಬರು, "ನಾಳೆ ಏನಾರ ಹೆಚ್ಚುಕಮ್ಮಿ ಆದ್ರ ಯಾರ್ ಹೊಣಿ?" ಅಂತ ಇನ್ನೊಬ್ಬರು. ಕೂಗಾಡಬೇಡಿ, ಬಹುಮತ ಲೆಕ್ಕ ಹಾಕಬೇಡಿ. ನೇರ ನಮಾಜ್ ಮಾಡಿಸುವ ಪೇಶ್ ಇಮಾಮರ ಹತ್ತಿರ ಹೋಗಿ. ಅವರು ಒಪ್ಪಿದರೆ ಉಳಿದವರು ಒಪ್ಪುತ್ತಾರೆ, ಅವರಿಗೆ ಮನಸ್ಸಿಲ್ಲದಿದ್ದರೆ ಮಾಡಲೇಬೇಡಿ, ಯಾಕಂದರೆ ಅವತ್ತು ಮನೆ ಯಜಮಾನ ಅವರೇ. ನಮ್ಮ ಕಡೆ ಜಾಸ್ತಿ ಮಸೀದಿಗಳು ಹನಫಿ ಪದ್ಧತಿಯವು, ಆ ಪದ್ಧತಿಯ ಧರ್ಮಪಂಡಿತರು, ಅಂದರೆ ಉಲಮಾಗಳು, ಬೇರೆ ಧರ್ಮದವರು ಮಸೀದಿಗೆ ಬರುವುದನ್ನು ತಡೆದಿಲ್ಲ. ನಜ್ರಾನಿನ ಕ್ರೈಸ್ತರ ನಿಯೋಗ ಬಂದಾಗ ಪ್ರವಾದಿಯವರು ಅವರನ್ನು ಮದೀನಾದ ತಮ್ಮ ಮಸೀದಿಯಲ್ಲೇ ಬರಮಾಡಿಕೊಂಡ ಪ್ರಸಂಗ ನಮ್ಮ ಇಮಾಮರೇ ಕಮಿಟಿಗೆ ಹೇಳಿದರು. ಅಲ್ಲಿಗೆ ಅರ್ಧ ವಾದ ಮುಗಿಯಿತು.

ಇನ್ನರ್ಧ ಮುಗಿದದ್ದು, ಇದು ನಾವು ಕಂಡುಹಿಡಿದ ಹೊಸ ಸಂಗತಿ ಅಲ್ಲ ಅಂತ ಗೊತ್ತಾದಾಗ. ಜರ್ಮನಿಯಲ್ಲಿ 1997ರಿಂದ ಪ್ರತಿವರ್ಷ ಅಕ್ಟೋಬರ್ 3ಕ್ಕೆ ಮಸೀದಿಗಳು ಎಲ್ಲರಿಗೂ ಬಾಗಿಲು ತೆಗೆಯುತ್ತವೆ. ಅವತ್ತು ಅವರ ದೇಶ ಒಂದಾದ ದಿನದ ರಜೆ. ಬ್ರಿಟನ್ನಿನಲ್ಲಿ 2015ರಲ್ಲಿ ಶುರು ಮಾಡಿದರು. ನಮ್ಮ ಕರ್ನಾಟಕದಲ್ಲೂ ಮಸೀದಿ ದರ್ಶನ, ಮಸೀದಿ ಸಂದರ್ಶನ ಅಂತ ಹಲವು ಊರುಗಳಲ್ಲಿ ಆಗಿದೆ.

ಹೆಂಗಸರ ವಿಷಯ ಮಾತ್ರ ಮುಂಚೆಯೇ ಇತ್ಯರ್ಥ ಆಗಬೇಕು. ಗೇಟಿನ ಹತ್ತಿರ ಬಂದು ನಿಂತ ಮೇಲೆ "ಗಂಡಸರು ಮಾತ್ರ" ಅಂದರೆ ಅದಕ್ಕಿಂತ ಅವಮಾನ ಇಲ್ಲ. ನಮ್ಮಲ್ಲಿ ಹೆಂಗಸರಿಗೆ ನಮಾಜಿನ ಜಾಗ ಬೇರೆ ಇಲ್ಲ, ಆದರೂ ಆ ಒಂದು ಸಂಜೆ ಎಲ್ಲರೂ ಬರಲಿ ಅಂತ ತೀರ್ಮಾನ ಆಯ್ತು. ಬಂದ ಹೆಣ್ಣುಮಕ್ಕಳನ್ನು ಮಾತಾಡಿಸಲು ನಮ್ಮ ಮನೆ ಹೆಣ್ಣುಮಕ್ಕಳೇ ಇರಬೇಕಲ್ಲ, ಹಾಗಾಗಿ ಅವರೂ ಬಂದರು. ಆಗ ಒಂದು ವಿಷಯ ಗೊತ್ತಾಗಿ ನನಗೆ ನಾಚಿಕೆ ಆಯ್ತು. ನನ್ನ ಅತ್ತಿಗೆ ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಮಸೀದಿಯಿಂದ ನಾಲ್ಕನೇ ಮನೆ ನಮ್ಮದು. ಅವರೂ ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು. ಟೀಚರಮ್ಮನ ಜೊತೆ ಸೇರಿ ಅವರೂ ತಲೆ ಎತ್ತಿ ಗುಮ್ಮಟ ನೋಡುತ್ತಿದ್ದರು.

ಠಾಣೆಗೆ ಒಂದು ಪತ್ರ ಕೊಟ್ಟುಬಿಡಿ. ಇಂಥ ದಿನ, ಇಂಥ ಹೊತ್ತು, ನೆರೆಯವರು ಬರುತ್ತಾರೆ, ಮೈಕು ಇಲ್ಲ. ನಾಲ್ಕು ಸಾಲು ಸಾಕು.

ದಿನ, ಹೊತ್ತು

ಶುಕ್ರವಾರ ಬೇಡ, ಅವತ್ತು ನಿಮಗೇ ಜಾಗ ಸಾಲುವುದಿಲ್ಲ. ರಂಜಾನ್ ಬೇಡ. ಇಫ್ತಾರಿಗೆ ಕರೆಯುವುದು ಒಳ್ಳೆಯದೇ, ಆದರೆ ಅದು ಊಟದ ಕಾರ್ಯಕ್ರಮ ಆಗಿಬಿಡುತ್ತದೆ, ಚುನಾವಣೆ ಹತ್ತಿರ ಇದ್ದರಂತೂ ಕೇಳುವುದೇ ಬೇಡ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿಯೇ ದಿನ ಇಡಿ. ಏಪ್ರಿಲ್, ಮೇ ನಮ್ಮ ಬಿಸಿಲಿನಲ್ಲಿ ಆಗದ ಮಾತು. ಹಳ್ಳಿಯಾದರೆ ತೊಗರಿ ರಾಶಿ ಮುಗಿಯಲಿ. ರಾಶಿ ಬಿಟ್ಟು ಯಾರೂ ಬರುವುದಿಲ್ಲ, ಬರಲೂಬಾರದು.

ಚಳಿಗಾಲದ ಒಂದು ಭಾನುವಾರ ಸಂಜೆ, ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಮೇಲೆ ಶುರು ಮಾಡಿ, ಹೊತ್ತು ಮುಳುಗಿದ ಕೂಡಲೇ ಆಗುವ ಮಗರಿಬ್ ನಮಾಜಿಗೆ ಮುಗಿಸುವುದು ನಮಗೆ ಸರಿ ಕಂಡಿದೆ. ಇದರಲ್ಲಿ ಒಂದು ಲೆಕ್ಕ ಇದೆ. ಮಧ್ಯಾಹ್ನದ ಜುಹರ್ ಮತ್ತು ಅಸರ್ ನಮಾಜಿನಲ್ಲಿ ಇಮಾಮರು ಕುರಾನನ್ನು ಮೆಲ್ಲಗೆ, ತಮ್ಮಷ್ಟಕ್ಕೆ ಓದುತ್ತಾರೆ. ಹಿಂದೆ ಕೂತು ನೋಡುವವರಿಗೆ ಏನೂ ಕೇಳಿಸುವುದಿಲ್ಲ, ಎದ್ದರು, ಬಾಗಿದರು, ಕೂತರು, ಅಷ್ಟೇ. ನಾವು ಎರಡನೇ ಸಲ ಮಧ್ಯಾಹ್ನ ಕರೆದು ಇದೇ ತಪ್ಪು ಮಾಡಿದ್ದು. ಫಜರ್, ಮಗರಿಬ್, ಇಶಾದಲ್ಲಿ ಮೊದಲ ಎರಡು ರಕಾತ್, ಅಂದರೆ ನಿಂತು, ಬಾಗಿ, ನೆಲಕ್ಕೆ ಹಣೆ ಹಚ್ಚುವ ಮೊದಲ ಎರಡು ಸುತ್ತು, ಜೋರಾಗಿ ಓದುತ್ತಾರೆ. ಫಜರ್ ನಸುಕಿಗೆ, ಇಶಾ ರಾತ್ರಿ. ಉಳಿದದ್ದು ಮಗರಿಬ್. ಬರೀ ಮೂರು ರಕಾತ್, ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಹೊರಗೆ ಕತ್ತಲಾಗುತ್ತಾ ಇರುತ್ತದೆ, ಒಳಗೆ ಓದುವ ದನಿ. ಅಸರಿನಿಂದ ಅಲ್ಲಿಯವರೆಗೆ ಒಂದು ಗಂಟೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ.

ಕರೆಯುವುದು

ವಾಟ್ಸಾಪಿನಲ್ಲಿ ಕಾರ್ಡು ಹಾಕಿ ಕೈ ತೊಳೆದುಕೊಳ್ಳಬೇಡಿ. ಮದುವೆಗೆ ಕರೆಯುವ ಹಾಗೆ ಮನೆಗೆ ಹೋಗಬೇಕು. ಇಬ್ಬಿಬ್ಬರು ಹೋಗಿ, ಒಬ್ಬ ಹಿರಿಯರು, ಒಬ್ಬ ಹುಡುಗ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಹೋಗಿ ಕರೆದರೆ ಇನ್ನೂ ಚೆನ್ನ. ಕಾರ್ಡು ಕನ್ನಡದಲ್ಲಿರಲಿ. ಉರ್ದು ಒಂದು ಸಾಲು ಇದ್ದರೆ ಇರಲಿ, ಆದರೆ ಓದುವವರು ಯಾರು ಅಂತ ನೆನಪಿರಲಿ. ಚಹಾ ಕೊಟ್ಟರೆ ಕುಡಿಯಿರಿ. ಗಡಿಬಿಡಿಯಲ್ಲಿ ಕಾರ್ಡು ತುರುಕಿ ಓಡುವುದಾದರೆ ಪೋಸ್ಟ್ ಮಾಡಿದರೂ ಆಗುತ್ತಿತ್ತಲ್ಲ.

ಬಾಯಿಬಿಟ್ಟು ಹೇಳಬೇಕಾದ ಮಾತು ಕೆಲವು ಇವೆ, ಯಾಕಂದರೆ ಅವರು ಬಾಯಿಬಿಟ್ಟು ಕೇಳುವುದಿಲ್ಲ. ಭಾಷಣ ಇಲ್ಲ. ನೀವು ನಮಾಜ್ ಮಾಡಬೇಕಿಲ್ಲ, ಬಾಗಬೇಕಿಲ್ಲ, ಏನನ್ನೂ ಹೇಳಬೇಕಿಲ್ಲ. ಹಣೆಯ ಕುಂಕುಮ, ವಿಭೂತಿ, ಕೊರಳ ಲಿಂಗ ಎಲ್ಲ ಇದ್ದ ಹಾಗೇ ಬನ್ನಿ. ತಿನ್ನುವುದಕ್ಕೆ ಇಡುವುದೆಲ್ಲ ಶಾಕಾಹಾರ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಕಾಯಿ, ಊದುಬತ್ತಿ ಏನೂ ತರಬೇಡಿ. ಈ ಕೊನೆ ಮಾತು ಹೇಳಲು ಮರೆತು ಒಂದು ಸಲ ಪೇಚಾಯಿತು. ದರ್ಗಾಕ್ಕೆ ಹೋಗಿ ರೂಢಿ ಇದ್ದ ಒಬ್ಬ ಆಯಿ ಸಕ್ಕರೆ, ಊದುಬತ್ತಿ, ಹೂವು ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದರು. ನಮ್ಮ ಹುಡುಗನೊಬ್ಬ "ಇಲ್ಲಿ ಇದೆಲ್ಲ ನಡಿಯಲ್ಲ" ಅಂದುಬಿಟ್ಟ, ಆಯಿಯ ಮುಖ ಸಣ್ಣದಾಯ್ತು. ಹಾಗಲ್ಲ. ಎರಡೂ ಕೈಯಿಂದ ತೆಗೆದುಕೊಳ್ಳಿ, ಆಫೀಸಿನ ಮೇಜಿನ ಮೇಲಿಡಿ, ಆಮೇಲೆ ಮೆಲ್ಲಗೆ ಹೇಳಿ: ದರ್ಗಾ ಅಂದರೆ ಒಬ್ಬ ವಲಿಯ, ಸಂತರ ಸಮಾಧಿ, ಅಲ್ಲಿ ಚಾದರ, ಹೂವು. ಮಸೀದಿ ಅಂದರೆ ನಮಾಜಿನ ಜಾಗ, ಇಲ್ಲಿ ಯಾರ ಸನ್ನಿಧಿಗೂ ಏನೂ ಅರ್ಪಿಸುವುದಿಲ್ಲ. ಸಕ್ಕರೆಯನ್ನು ಚಹಾಕ್ಕೆ ಹಾಕಿದರೆ ಯಾರಿಗೂ ಬೇಜಾರಿಲ್ಲ.

ಎಷ್ಟು ಜನ? ನಲವತ್ತು ದಾಟದಿದ್ದರೆ ಒಳ್ಳೆಯದು. ಆರೇಳು ಜನಕ್ಕೆ ಒಬ್ಬ ಹೇಳುವವ. ಹೇಳುವವನಿಗೆ ಮೊದಲು ಬೇಕಾದ್ದು ಒಳ್ಳೆಯ ಕನ್ನಡ. ನಮ್ಮ ಮನೆಮಾತು ದಖನಿ, ಧರ್ಮದ ಮಾತು ಬಂತು ಅಂದರೆ ನಾಲಿಗೆ ತಾನೇ ಉರ್ದು ಕಡೆ ಹೊರಳುತ್ತದೆ, ಎದುರಿನವರು ಹೂಂ ಹೂಂ ಅನ್ನುತ್ತಾರೆ, ಏನೂ ಹತ್ತಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರನ್ನು ಹಿಡಿಯಿರಿ. ಹಿಂದಿನ ಭಾನುವಾರ ಒಂದು ಸಲ ಅವರಿಂದ ಪೂರ್ತಿ ಹೇಳಿಸಿ ನೋಡಿ. ಇಬಾದತ್, ತಹಾರತ್, ಫಜೀಲತ್ ಅಂತ ಶುರು ಮಾಡಿದರೆ ಅಲ್ಲೇ ನಿಲ್ಲಿಸಿ.

ಗೇಟಿನಿಂದ ಒಳಗೆ

ಚಪ್ಪಲಿ ವ್ಯವಸ್ಥೆ ಮೊದಲು. ನಗಬೇಡಿ, ಇದು ದೊಡ್ಡ ವಿಷಯ. ನಮಾಜಿಗಳಿಗೆ ಮೂಲೆಯಲ್ಲಿ ಬಿಟ್ಟು ರೂಢಿ, ಹೊಸಬರು ಮೆಟ್ಟಿಲ ಬಾಯಲ್ಲೇ ಬಿಡುತ್ತಾರೆ, ಮಗರಿಬ್ ಹೊತ್ತಿಗೆ ನಮಾಜಿಗಳೂ ಬಂದರೆ ರಾಶಿ ಬೀಳುತ್ತದೆ. ಒಬ್ಬ ಹುಡುಗನನ್ನು ಅದಕ್ಕೇ ನಿಲ್ಲಿಸಿ. ಅಲ್ಲಿಂದ ಒಳಗೆ ಹೋಗುವ ದಾರಿಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ನೀರು ಚೆಲ್ಲಿ ಹಾಸುಗಲ್ಲು ಜಾರುತ್ತದೆ, ಚಾಪೆ ಹಾಸಿ. ನೆಲಕ್ಕೆ ಕೂರಲಾಗದ ಹಿರಿಯರಿಗೆ ಹತ್ತು ಕುರ್ಚಿ ಹಿಂದೆ ಇಡಿ.

ವಜೂಖಾನಾದಿಂದ ಶುರು ಮಾಡಿದರೆ ಎಲ್ಲರಿಗೂ ಸಲೀಸು. ಕೈಕಾಲು ಮುಖ ತೊಳೆದು ದೇವರ ಮುಂದೆ ನಿಲ್ಲುವುದು ಯಾರಿಗೆ ಗೊತ್ತಿಲ್ಲ? ಬಾಯಿಮಾತು ಬೇಡ, ಒಬ್ಬರು ಮಾಡಿ ತೋರಿಸಲಿ. ಮೊದಲು ಮುಂಗೈ, ಆಮೇಲೆ ಬಾಯಿ ಮುಕ್ಕಳಿಸುವುದು, ಮೂಗು, ಮುಖ, ಮೊಣಕೈವರೆಗೆ ಕೈ, ಒದ್ದೆ ಕೈಯಿಂದ ತಲೆ ಸವರುವುದು, ಕೊನೆಗೆ ಹಿಮ್ಮಡದ ಗಂಟಿನವರೆಗೆ ಕಾಲು. ತಲೆ ಸವರುವುದು ಒಂದು ಸಲ, ಉಳಿದದ್ದು ಮೂರು ಮೂರು ಸಲ. ಮಕ್ಕಳು ಮಾಡಿ ನೋಡುತ್ತೇವೆ ಅಂದರೆ ಮಾಡಲಿ. ಹರಿಯುವ ಹೊಳೆ ದಂಡೆಯಲ್ಲಿದ್ದರೂ ವಜೂಗೆ ನೀರು ಪೋಲು ಮಾಡಬೇಡಿ ಅನ್ನುವ ಹದೀಸನ್ನೂ, ಅಂದರೆ ಪ್ರವಾದಿಯವರ ಮಾತನ್ನೂ ಹೇಳಿ, ಆದರೆ ಹೇಳುವ ಮೊದಲು ಸೋರುವ ನಲ್ಲಿ ರಿಪೇರಿ ಮಾಡಿಸಿ. ನಮ್ಮಲ್ಲಿ ಹದೀಸ್ ಹೇಳುತ್ತಿರುವಾಗಲೇ ಹಿಂದೆ ಎರಡು ನಲ್ಲಿ ತೊಟ ತೊಟ ಅನ್ನುತ್ತಿದ್ದವು. ನೀರಿಗೆ ಬರ ಇರುವ ಊರಿನವರು, ಅವರ ಕಣ್ಣು ಅಲ್ಲಿಗೇ ಹೋಯ್ತು.

ಒಳಗೆ ಕಾಲಿಟ್ಟ ತಕ್ಷಣ ಮಾತು ಶುರು ಮಾಡಬೇಡಿ. ಎರಡು ನಿಮಿಷ ಬಿಡಿ. ಒಳಗೆ ಏನೋ ಇದೆ ಅಂತ ಬಂದವರಿಗೆ ಏನೂ ಇಲ್ಲದ್ದು ಕಾಣುತ್ತದೆ, ಅದನ್ನು ಅವರು ಅವರ ಪಾಡಿಗೆ ನೋಡಲಿ. ಊದುಬತ್ತಿ ತಂದಿದ್ದ ಅದೇ ಆಯಿ ಸೆರಗು ಹೊದ್ದು ಮುಂದಿನವರೆಗೆ ಹೋಗಿ ಮಿಹ್ರಾಬಿನ ಕಮಾನಿನ ಮುಂದೆ ನಿಂತರು. ಕೈ ಮುಗಿದರು. ಆಮೇಲೆ ಅಜಾನ್ ಕೂಗುವ ನಮ್ಮ ಮೌಜನ್ ಸಾಬರ ಕಡೆ ತಿರುಗಿ, "ದೇವ್ರು ಎಲ್ಲಿ ಹಾನಪ್ಪ?" ಅಂದರು. ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ವಿಗ್ರಹದ ಬಗ್ಗೆ ಪಾಠ ಶುರು ಮಾಡಿದಿರೋ, ಕೆಟ್ಟಿತು. ಮೌಜನ್ ಸಾಬರು ಜಾಸ್ತಿ ಓದಿದವರಲ್ಲ. "ಇಲ್ಲೇನೂ ಇಲ್ಲ ಆಯಿ, ಖಾಲಿ ಗ್ವಾಡಿ. ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು ಅಂತ ತಿಳಿಲಿಕ್ಕ ಅಷ್ಟ ಇದು" ಅಂದರು. ಆಯಿ ಸ್ವಲ್ಪ ಹೊತ್ತು ನೋಡಿ, "ಬಯಲು ಅನ್ನು ಹಂಗಾದ್ರ" ಅಂದರು. ಮಠಕ್ಕೆ ನಡೆದುಕೊಳ್ಳುವ ಮನೆಯವರು ಅವರು. ನಾವ್ಯಾರೂ ಅದಕ್ಕೆ ಏನೂ ಸೇರಿಸಲಿಲ್ಲ.

ಆಮೇಲೆ ಒಂದೊಂದೇ ತೋರಿಸಿ. ಮಿಹ್ರಾಬ್ ಯಾಕೆ ಪಶ್ಚಿಮಕ್ಕೆ ಅಂದರೆ ಮಕ್ಕಾದ ಕಾಬಾ ಆ ಕಡೆ, ನಮ್ಮೂರಿನಿಂದ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಅಮೆರಿಕದಲ್ಲಿರುವವರು ಪೂರ್ವದ ಕಡೆ ನಿಲ್ಲುತ್ತಾರೆ ಅಂದರೆ ಮಕ್ಕಳಿಗೆ ಆಶ್ಚರ್ಯ. ಮೆಟ್ಟಿಲಿರುವ ಮಿಂಬರ್, ಶುಕ್ರವಾರ ಇಮಾಮರು ಖುತ್ಬಾ, ಅಂದರೆ ಪ್ರವಚನ ಹೇಳುವ ಜಾಗ. ನೆಲದ ಗೆರೆಗಳು ಸಫ್, ಮೊದಲು ಬಂದವನು ಮುಂದೆ, ಸಾಹುಕಾರನಿಗೂ ಹಮಾಲಿಗೂ ಬೇರೆ ಸಾಲಿಲ್ಲ. ಗೋಡೆ ಮೇಲೆ ಸಾಲಾಗಿ ಇರುವ ಗಡಿಯಾರಗಳು ಒಂದೊಂದು ನಮಾಜಿಗೆ ಎಲ್ಲರೂ ಒಟ್ಟಿಗೆ ನಿಲ್ಲುವ ಜಮಾಅತ್ ಹೊತ್ತು ತೋರಿಸುತ್ತವೆ. "ಆರು ಗಡಿಯಾರ ಅವ, ಒಂದೂ ಸರಿಯಾದ ಟೈಮ್ ತೋರಿಸಂಗಿಲ್ಲ ಅಂತಿದ್ದೆ" ಅಂತ ಕಟಿಂಗ್ ಅಂಗಡಿಯವನು ಅಂದದ್ದಕ್ಕೆ ಎಲ್ಲ ನಕ್ಕರು. ಕಿಟಕಿಯಿಂದ ಕಂಡಿತ್ತಂತೆ.

ಮೂಲೆಯಲ್ಲಿ ಜನಾಜಾದ ಮಂಚ, ಅಂದರೆ ತೀರಿಕೊಂಡವರನ್ನು ಹೊರುವ ಮಂಚ ಇದ್ದರೆ ಅದನ್ನು ಬಟ್ಟೆ ಹೊದಿಸಿ ಮುಚ್ಚಬೇಡಿ. ನಾವು ಮುಚ್ಚಲು ಹೊರಟಿದ್ದೆವು, ಅಪಶಕುನ ಅಂದುಕೊಂಡಾರು ಅಂತ. ಇಮಾಮರು ಬೇಡ ಅಂದರು. ಗಿರಣಿ ಅಣ್ಣ ಬಂದಿದ್ದರಲ್ಲ, ಅವರು ನಿಂತಿದ್ದು ಅದರ ಮುಂದೆಯೇ. ಅವರ ಪಕ್ಕದ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಚಾಚಾ ತೀರಿಕೊಂಡು ಮೂರು ವರ್ಷ. "ಮನಿಯಿಂದ ಇಲ್ಲಿ ತನಕ ಹೆಗಲು ಕೊಟ್ಟೀನಿ. ಗೇಟಿನಾಗ ಕೆಳಗಿಳಿಸಿಕೊಂಡ್ರು. ಒಳಗ ಏನ್ ಮಾಡ್ತಾರೋ ಅಂತ ರಸ್ತೆದಾಗ ನಿಂತಿದ್ದೆ" ಅಂದರು. ಆಗ ಇಮಾಮರು ಜನಾಜಾ ನಮಾಜ್ ಬಗ್ಗೆ ಹೇಳಿದರು. ಅದರಲ್ಲಿ ಬಾಗುವುದಿಲ್ಲ, ನೆಲಕ್ಕೆ ಹಣೆ ಹಚ್ಚುವುದಿಲ್ಲ, ನಿಂತೇ ಇರುತ್ತಾರೆ. ನಾಲ್ಕು ಸಲ ಅಲ್ಲಾಹು ಅಕ್ಬರ್ ಅನ್ನುತ್ತಾರೆ, ತೀರಿಕೊಂಡವರಿಗಾಗಿ ಬೇಡಿಕೊಳ್ಳುತ್ತಾರೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. "ಅಷ್ಟ ಏನ್ರಿ?" ಅಂದರು ಅಣ್ಣ. "ಅಷ್ಟ" ಅಂದರು ಇಮಾಮರು. ಇಡೀ ಸಂಜೆಯಲ್ಲಿ ನನಗೆ ನೆನಪಿರುವುದು ಇದು.

ಮಕ್ಕಳು ಇಷ್ಟು ಹೊತ್ತಿಗೆ ಓಡಾಡಲು ಶುರು ಮಾಡಿರುತ್ತಾರೆ. ಅವರಿಗೆ ಒಂದು ಮೂಲೆ ಕೊಡಿ. ಮಸೀದಿಯ ಪಾಠಶಾಲೆ ಮಕ್ತಬ್‌ನಲ್ಲಿ ಓದುವ ನಮ್ಮ ಮಕ್ಕಳು ಕುರಾನ್ ಇಟ್ಟು ಓದುವ ರೆಹಲ್ ಹಿಂದೆ ಕೂತು ಬಂದ ಮಕ್ಕಳ ಹೆಸರನ್ನು ಉರ್ದುವಿನಲ್ಲಿ ಬರೆದು ಕೊಟ್ಟರು, ಅವರು ಇವರ ಹೆಸರನ್ನು ಕನ್ನಡದಲ್ಲಿ. ಆಮೇಲೆ ತಾಯಂದಿರೂ ಸಾಲು ಹಚ್ಚಿದರು, ನಂದೂ ಬರಿಯಪ್ಪ ಅಂತ.

ಪ್ರಶ್ನೆಗಳು

ಪ್ರಶ್ನೆ ಬರುತ್ತವೆ, ಬರಲಿ. ಬಾರದಿದ್ದರೇ ಚಿಂತೆ. ತಲಾಖ್, ಬುರ್ಖಾ, ಜಿಹಾದ್, ನಾಲ್ಕು ಮದುವೆ, ಮಕ್ಕಾಕ್ಕೆ ನಮ್ಮನ್ನು ಯಾಕೆ ಬಿಡುವುದಿಲ್ಲ. ಸಿಟ್ಟು ಮಾಡಿಕೊಳ್ಳುವವರನ್ನು ಅವತ್ತು ಬೇರೆ ಕೆಲಸಕ್ಕೆ ಹಾಕಿ, ಚಹಾ ತರಲು ಕಳಿಸಿ. ಉತ್ತರ ಎರಡು ನಿಮಿಷ ದಾಟಬಾರದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಇಮಾಮರನ್ನು ಕೇಳಿ ಹೇಳುತ್ತೇನೆ ಅನ್ನಿ, ಮತ್ತೆ ಕೇಳಿ ಹೇಳಿ ಕೂಡ. "ನಿಮ್ಮಲ್ಲೂ ಹಂಗ ಇಲ್ಲೇನು" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಮನೆಗೆ ಕರೆದು ಜಗಳ ತೆಗೆದ ಹಾಗೆ ಅದು. ಪುಸ್ತಕ ಇದ್ದರೆ ಮೇಜಿನ ಮೇಲಿರಲಿ, ಬೇಕಾದವರು ತೆಗೆದುಕೊಳ್ಳಲಿ, ಯಾರ ಕೈಗೂ ತುರುಕಬೇಡಿ. ಅವರನ್ನು ಬದಲಾಯಿಸಲು ಕರೆದಿದ್ದಾರೆ ಅಂತ ಒಬ್ಬರಿಗೆ ಅನ್ನಿಸಿದರೂ ಮುಂದಿನ ಸಲ ಆ ಓಣಿ ಪೂರ್ತಿ ಬರುವುದಿಲ್ಲ.

ಅಜಾನಿನ ಅರ್ಥ ನೀವೇ ಹೇಳಿ, ಕೇಳುವವರೆಗೆ ಕಾಯಬೇಡಿ. ದಿನಾ ಕಿವಿಗೆ ಬಿದ್ದರೂ ಗೊತ್ತಿಲ್ಲದ ಸಂಗತಿ ಅದು. ಅಕ್ಬರ್ ಅಂದರೆ ಅಕ್ಬರ್ ಬಾದಶಹ ಅಂದುಕೊಂಡವರು ಓದಿದವರಲ್ಲೂ ಇದ್ದಾರೆ. ದೇವರು ಎಲ್ಲಕ್ಕಿಂತ ದೊಡ್ಡವನು, ಅವನೊಬ್ಬನೇ ಆರಾಧನೆಗೆ ಅರ್ಹ, ಮುಹಮ್ಮದರು ಅವನ ದೂತರು, ನಮಾಜಿಗೆ ಬನ್ನಿ, ಒಳಿತಿನ ಕಡೆಗೆ ಬನ್ನಿ. ಇಷ್ಟೇ ಅಜಾನು. ಬೆಳಗಿನದರಲ್ಲಿ ಮಾತ್ರ, ನಿದ್ದೆಗಿಂತ ನಮಾಜ್ ಒಳ್ಳೆಯದು ಅಂತ ಒಂದು ಮಾತು ಜಾಸ್ತಿ. "ಅದು ನಮ್ಮ ಹುಡುಗಗ ಹೇಳ್ರಿ" ಅಂದರು ಒಬ್ಬ ತಾಯಿ.

ಇದರ ಬೆನ್ನಿಗೇ ಮೈಕಿನ ಮಾತು ಬರುತ್ತದೆ, ತಯಾರಿರಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಇದು ಮಸೀದಿಗೂ ಅಷ್ಟೇ, ಜಾತ್ರೆಯ ಡಿಜೆಗೂ ಅಷ್ಟೇ, ಆದರೆ ಅವತ್ತು ಡಿಜೆ ಮಾತು ನೀವು ಎತ್ತಬೇಡಿ. ನಮ್ಮಲ್ಲಿ ಹಿಂದಿನ ಮನೆ ಟೀಚರಮ್ಮ, ಒಂದು ಹಾರ್ನ್ ಸೀದಾ ತಮ್ಮ ಮಗಳು ಓದುವ ಕೋಣೆ ಕಿಟಕಿಗೇ ಮುಖ ಮಾಡಿದೆ ಅಂದರು. ಆರು ವರ್ಷದಿಂದ ಹಾಗೇ ಇದೆಯಂತೆ. "ಹೇಳ್ಬೇಕಿತ್ತಲ್ಲ ಅಕ್ಕೋರೆ" ಅಂದೆ. "ಯಾರಿಗ್ ಹೇಳೋದು? ಹೇಳಿದ್ರ ಏನಾಗ್ತದೋ ಅಂತ" ಅಂದರು. ಮರುದಿನ ಬೆಳಿಗ್ಗೆ ಹುಡುಗರು ಮೇಲೆ ಹತ್ತಿ ಹಾರ್ನ್ ತಿರುಗಿಸಿದರು, ಹತ್ತು ನಿಮಿಷದ ಕೆಲಸ.

ಮಗರಿಬ್‌ಗೆ ಐದು ನಿಮಿಷ ಇರುವಾಗ ಎಲ್ಲರನ್ನೂ ಹಿಂದೆ ಕೂರಿಸಿ. ನಮಾಜಿಗಳ ಮುಂದೆ ಹಾಯಬಾರದು ಅಂತ ಹೇಳಿ. ನಮಾಜ್ ನಡೆಯುವಾಗ ವಿವರಣೆ ಬೇಡ, ಕ್ರಿಕೆಟ್ ಅಲ್ಲ ಅದು. ಬೇಡ ಅನ್ನಿಸಿದವರು ಹೊರಗೆ ಚಹಾ ಕುಡಿಯಲು ಹೋಗಬಹುದು ಅಂತಲೂ ಹೇಳಿ, ಯಾರನ್ನೂ ಹಿಡಿದಿಟ್ಟ ಹಾಗೆ ಆಗಬಾರದು.

ತಿನ್ನುವುದಕ್ಕೆ ನಾವು ಸುಸಲಾ, ಮಿರ್ಚಿ, ಖರ್ಜೂರ, ಚಹಾ ಇಟ್ಟೆವು. ಮಸೀದಿ ಡೇಗಿನಲ್ಲಿ ಶಾಕಾಹಾರಿ ಪಲಾವ್ ಮಾಡಿಸೋಣ ಅಂತ ಒಬ್ಬರು ಹೇಳಿದ್ದರು. ಬೇಡ. ಅದೇ ಡೇಗಿನಲ್ಲಿ ನಿನ್ನೆ ಏನು ಬೆಂದಿತ್ತು ಅಂತ ಎಲ್ಲರಿಗೂ ಗೊತ್ತು, ಬಂದವರು ಬಾಯಲ್ಲಿ ಹೊಟ್ಟೆ ತುಂಬಿದೆ ಅನ್ನುತ್ತಾರೆ. ಗಲ್ಲಿ ಮೂಲೆಯ ಬಂಡಿಯವನಿಗೇ ಹೇಳಿ, ಎಲ್ಲರೂ ದಿನಾ ತಿನ್ನುವ ಮಿರ್ಚಿ ಅದು, ಯಾರೂ ಯೋಚನೆ ಮಾಡಲಿಲ್ಲ. ಕಾರ್ಡು, ಚಾಪೆ ಬಾಡಿಗೆ, ತಿಂಡಿ ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಮೊದಲ ಸಲ ಬರೀ ಶಾಮಿಯಾನಾಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆವು.

ಫೋಟೋ ವಿಷಯ. ಜನ ತಮ್ಮ ಫೋನಿನಲ್ಲಿ ಕಟ್ಟಡದ್ದು ತೆಗೆದುಕೊಳ್ಳಲಿ. ಬಂದವರ ಮುಖ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ. ಯಾವ ಗ್ರೂಪಿಗೆ ಹೋಗಿ ಅದು ಏನಾಗುತ್ತದೆ ಅಂತ ಈಗಿನ ಕಾಲದಲ್ಲಿ ಹೇಳಲಾಗುವುದಿಲ್ಲ, ಮತ್ತೆ ಪೇಚಾಡುವವರು ಬಂದವರೇ.

ನೀವು ಕರೆಸಿಕೊಂಡು ಹೋಗುವವರಾದರೆ ನಿಮಗೆ ಹೇಳುವುದು ಜಾಸ್ತಿ ಇಲ್ಲ. ಮೈ ತುಂಬ ಬಟ್ಟೆ, ಹೆಣ್ಣುಮಕ್ಕಳು ಸೆರಗು ಅಥವಾ ದುಪಟ್ಟಾ ತಲೆ ಮೇಲೆ, ಗಂಡಸರಿಗೆ ಬೇಕಿದ್ದರೆ ಕರವಸ್ತ್ರ ಸಾಕು. ಫೋನ್ ಸೈಲೆಂಟ್. ಕಪಾಟಿನ ಕುರಾನ್ ನೋಡಬೇಕಿದ್ದರೆ ಕೇಳಿ, ಅವರೇ ತೆಗೆದು ತೋರಿಸುತ್ತಾರೆ. ಮನಸ್ಸಿನಲ್ಲಿದ್ದದ್ದು ಕೇಳಿ.

ಕಮಿಟಿ ಏನು ಮಾಡಿದರೂ ಒಪ್ಪಲಿಲ್ಲ ಅಂದರೆ? ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ ಇದೆಯಲ್ಲ. ಪುರಾತತ್ವ ಇಲಾಖೆಯದು, ಯಾರು ಬೇಕಾದರೂ ಹೋಗಬಹುದು. 1367ರ ಬಹಮನಿ ಕಟ್ಟಡ. ಬೇರೆ ಹಳೆಯ ಮಸೀದಿಗಳಿಗೆ ಇರುವಂಥ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಮೇಲ್ಛಾವಣಿ, ಸಣ್ಣ ಗುಮ್ಮಟಗಳ ಸಾಲು, ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು. ನಾಲ್ಕು ಮನೆಯವರು ಸೇರಿ ಬುತ್ತಿ ಕಟ್ಟಿಕೊಂಡು ಭಾನುವಾರ ಅಲ್ಲಿಗೆ ಹೋಗಿ, ಮಿಹ್ರಾಬ್ ಯಾವುದು, ಮಿಂಬರ್ ಯಾವುದು ಅಂತ ಅಲ್ಲೇ ತೋರಿಸಿ. ಬೀದರಿನವರಿಗೆ ಅವರ ಕೋಟೆಯಲ್ಲಿ ಸೋಲಾ ಕಂಬ ಮಸೀದಿ ಇದೆ. ಅಲ್ಲಿಂದ ವಾಪಸ್ ಬರುವಾಗ "ನಮ್ಮ ಗಲ್ಲಿದೂ ಹಿಂಗ ಅದ ಏನು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಮಾತನ್ನು ಕಮಿಟಿಗೆ ಒಯ್ಯಿರಿ.

ಮುಗಿದ ಮೇಲೆ ಒಂದು ವಾರದೊಳಗೆ, ಪ್ರಶ್ನೆ ಬಾಕಿ ಇಟ್ಟವರ ಮನೆಗೆ ಹೋಗಿ ಉತ್ತರ ಹೇಳಿ ಬನ್ನಿ. ಶರಣಬಸವೇಶ್ವರ ಜಾತ್ರೆಗೋ, ಮನೆಯ ಗಣಪತಿಗೋ ಅವರು ಕರೆದರೆ ನೆಪ ಹೇಳಬೇಡಿ, ಹೋಗಿ. ಪೂಜೆಯಲ್ಲಿ ಸೇರುವುದು ಬಿಡುವುದು ನಿಮ್ಮ ವಿಷಯ, ಅವರೂ ನಮ್ಮಲ್ಲಿ ಬಂದು ಹಿಂದೆ ಕೂತು ನೋಡಿದರಲ್ಲ, ಹಾಗೇ ಕೂತು ನೋಡಿ ಬನ್ನಿ.

ಚಪ್ಪಲಿಗೆ ಹುಡುಗನನ್ನು ನಿಲ್ಲಿಸಿ ಅಂತ ಮೇಲೆ ಹೇಳಿದ್ದು ಸುಮ್ನೆ ಅಲ್ಲ. ಕಳೆದ ಸಲ ಆ ಹುಡುಗ ಮಿರ್ಚಿ ತಿನ್ನಲು ಹೋಗಿದ್ದ ಹೊತ್ತಿನಲ್ಲಿ ಒಬ್ಬ ಮುತ್ಯಾ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರದ್ದು, ಎಡಗಾಲಿಗೆ ತಂತಿ ಕಟ್ಟಿರುವ ಕರಿ ಚಪ್ಪಲಿ, ಇನ್ನೂ ನಮ್ಮ ಆಫೀಸಿನ ಕಪಾಟಿನ ಕೆಳಗಿದೆ. ಎರಡು ಸಲ ಹೇಳಿ ಕಳಿಸಿದೆವು. "ಇರ್ಲಿ ಬಿಡ್ರಿ, ಮುಂದಿನ ಸಲ ಬಂದಾಗ ಒಯ್ತೀನಿ" ಅಂದಿದ್ದಾರೆ.